ಅಂಚು ಬಿಡಿಸದ ಹಾಳೆಗಳು

ರಾಮದುರ್ಗ
೧೨ ಜೂನ್ ೧೯೭೪

ಪ್ರೀತಿಯ ತ್ರ್ಯಂಬಕಣ್ಣನಿಗೆ ತಂಗಿ ಮಥುರೆಯ ನಮಸ್ಕಾರ.

ಪುಸ್ತಕ ಮುಟ್ಟಿತು. ಟಪಾಲಿನವನಿಂದ ಅತ್ತೆಯವರೇ ಇಸಿದುಕೊಂಡರು. ಮುಖಪುಟದ ಮೇಲೆ ನಮ್ಮ ಪತ್ತೇದಾರ ಮಾರ್ತಾಂಡ ಚಂದ್ರನ ಮೇಲೆ ನಿಂತಿದ್ದಾನೆ, ಕೈಯಲ್ಲಿ ಪಿಸ್ತೂಲು, ಬೆನ್ನಿಗೆ ಗಾಳಿಯ ಡಬ್ಬಿ. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇಂವಾ ಯಾರ? ಹಾಲು ಹಾಕಾಂವನ?" ಎಂದರು. ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂತು. "ಲಗ್ನ ಆಗಿ ಇಷ್ಟು ವರ್ಷಾತು, ಮಂದಿ ತವರುಮನಿಯಿಂದ ಖಣ ತರಿಸ್ಕೋತಾರ, ಈಕಿ ಕಥೀ ಪುಸ್ತಕ ತರಿಸ್ಕೋತಾಳ" ಎಂದು ಪಕ್ಕದ ಮನೆಯ ಇಂದ್ರವ್ವನ ಮುಂದೆ ಹೇಳಿ ಹಗುರಾದರು.

ಕರಾರಿನಂತೆ ಕೊನೆಯ ಅಧ್ಯಾಯ ತೆಗೆದಿಟ್ಟುಕೊಂಡೇ ಕಳಿಸಿದ್ದೀ. ಕಿತ್ತೂರಿನಲ್ಲಿದ್ದಾಗ ಒಂದೇ ಪುಸ್ತಕಕ್ಕೆ ಇಬ್ಬರೂ ಜಗ್ಗಾಡುತ್ತಿದ್ದೆವೆಂದು ಅಪ್ಪ ಮಾಡಿಕೊಟ್ಟ ಕರಾರು ಇದು. ದೊಡ್ಡವನು ಮೊದಲು ಓದಬೇಕು, ಕೊನೆಯ ಅಧ್ಯಾಯ ಹರಿದಿಟ್ಟುಕೊಂಡು ಉಳಿದದ್ದನ್ನು ಚಿಕ್ಕವಳಿಗೆ ಕೊಡಬೇಕು. ಚಿಕ್ಕವಳು ಕೊಲೆಗಾರ ಯಾರೆಂದು ಹೇಳಿದ ಮೇಲೆಯೇ ಕೊನೆಯ ಅಧ್ಯಾಯ ಅವಳ ಕೈಗೆ. ಅಪ್ಪ ಹೋದರು, ಕರಾರು ಇನ್ನೂ ನಡೆದಿದೆ. ಈ ಮನೆಯಲ್ಲಿ ನನ್ನದು ಎನ್ನುವಂಥದ್ದು ಇದೊಂದೇ, ಅಣ್ಣಾ.

ಸರಿ, ನನ್ನ ಊಹೆ: ಇಪ್ಪತ್ತಾರನೆಯ ಪುಸ್ತಕದ ಕೊಲೆಗಾರ ಗಾಳಿಯ ಕೋಠಿಯ ಕಾವಲುಗಾರ. ಆದರೆ ಸರಿಯಾಗುತ್ತದೆಂಬ ಭರವಸೆ ನನಗಿಲ್ಲ. ನಮ್ಮ ಲೇಖಕ ಮಹಾಶಯನಿಗೆ ಇತ್ತೀಚೆಗೆ ಒಂದು ಕೆಟ್ಟ ಚಾಳಿ ಹತ್ತಿದೆ. ಪುಸ್ತಕದ ತುಂಬ ಹತ್ತು ಮಂದಿಯ ಮೇಲೆ ಸಂಶಯ ಬರಿಸುತ್ತಾನೆ, ಕೊನೆಯ ಅಧ್ಯಾಯದಲ್ಲಿ ಅಲ್ಲಿಯವರೆಗೆ ಹೆಸರೂ ಕೇಳದ ಒಬ್ಬನನ್ನು ಆಗಷ್ಟೇ ಬಸ್ಸಿನಿಂದ ಇಳಿದವನಂತೆ ಕರೆತಂದು ಇವನೇ ಕೊಲೆಗಾರ ಎನ್ನುತ್ತಾನೆ. ಓದುವವರು ಊಹೆ ಮಾಡುವುದಾದರೂ ಹ್ಯಾಗೆ? ಅದೂ ಅಲ್ಲದೆ ಈ ಸಲ ಚಂದ್ರನ ಮೇಲೆ ಮಳೆ ಬಿದ್ದಿದೆ. ಗಾಜಿನ ಛಾವಣಿಯ ಒಳಗೆ! ಹತ್ತೊಂಬತ್ತನೆಯದರಲ್ಲಿ ವಿಧವೆಯಾಗಿದ್ದ ಮಾಲಿನಿ ಇದರಲ್ಲಿ ಕನ್ಯೆ. ಇವರಿಗೆ ಓದಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ನಾವು ಬೈಯಬಹುದು, ಬೇರೆಯವರು ನಗಬಾರದು.

ಪುಸ್ತಕದ ಹಿಂದಿನ ಜಾಹೀರಾತು ನೋಡಿದೆಯಲ್ಲ? ಮೂವತ್ತನೆಯದಕ್ಕೆ ಮಾಲಿಕೆ ಮುಗಿಯುತ್ತದಂತೆ. ಮೊದಲ ಪುಸ್ತಕದಲ್ಲಿ ಗಾಜಿನ ಬಾಗಿಲು ತೆರೆದು, ಗಾಳಿ ಹೊರಗೆ ಬಿಟ್ಟು ಮಾರ್ತಾಂಡನ ಗುರುಗಳನ್ನು ಕೊಂದವರು ಯಾರೆಂಬುದು ಕೊನೆಗೂ ಗೊತ್ತಾಗುತ್ತದಂತೆ. ಹನ್ನೆರಡು ವರ್ಷ ಇದಕ್ಕೇ ಅಲ್ಲವೇ ನಾವು ಕಾದದ್ದು? ಮೊದಲನೆಯದನ್ನು ಇನ್ನೊಮ್ಮೆ ಓದಿ, ಅವನು ಹೇಳುವ ಮೊದಲೇ ನಾನು ಬಿಡಿಸಬೇಕೆಂದಿದ್ದೇನೆ. ಹಳೆಯ ಪುಸ್ತಕಗಳೆಲ್ಲ ನಿನ್ನ ಹತ್ತಿರವೇ ಇವೆಯಲ್ಲ, ಒಂದನೆಯದನ್ನು ಕಳಿಸು.

ಒಂದು ಕೇಳುವುದಿತ್ತು. ಈಗೀಗ ಅಡಿಗೆಮನೆಯಲ್ಲಿ ಕೂತು ಓದುತ್ತೀಯೇನು? ಪ್ರೆಸ್ಸಿನಿಂದ ಕೂಡಿಕೊಂಡೇ ಬರುವ ಹಾಳೆಗಳ ಅಂಚು ಬಿಡಿಸಿದಲ್ಲೆಲ್ಲ ಅರಿಸಿನದ ಕಲೆ ಹತ್ತಿದೆ. ಮೊದಲು ಅಪ್ಪನ ಕ್ಷೌರದ ಬ್ಲೇಡಿನಿಂದ ಎಷ್ಟು ನೀಟಾಗಿ ಬಿಡಿಸುತ್ತಿದ್ದೆ!

ವೈನಿಗೆ ಕೇಳಿದ್ದೇನೆಂದು ಹೇಳು.

ನಿನ್ನ
ಮಥುರಾ


ಬೈಲಹೊಂಗಲ
೩ ಜುಲೈ ೧೯೭೪

ಚಿ. ಸೌ. ಮಥುರೆಗೆ ಅಣ್ಣನ ಆಶೀರ್ವಾದ.

ನಿನ್ನ ಪತ್ರ ಓದಿ ನಕ್ಕು ನಕ್ಕು ಸಾಕಾಯಿತು. ನಿಮ್ಮ ಅತ್ತೆಯವರ ಮಾತನ್ನು ನಿನ್ನ ವೈನಿ ಸುಂದರಾಬಾಯಿಗೂ ಹೇಳಿದೆ. ಅವಳಂತೂ ಮಾರ್ತಾಂಡನಿಗೆ "ಹಾಲಿನವಾ" ಎಂದೇ ಹೆಸರಿಟ್ಟಿದ್ದಾಳೆ.

ಕೊನೆಯ ಅಧ್ಯಾಯ ಇದರೊಂದಿಗೆ ಇದೆ. ನಿನ್ನ ಊಹೆ ಸರಿಯೋ ತಪ್ಪೋ ನಾನು ಹೇಳುವುದಿಲ್ಲ, ಓದಿದರೆ ನಿನಗೇ ಗೊತ್ತಾಗುತ್ತದೆ. ಆದರೆ ಆ ಲೇಖಕನನ್ನು ಅಷ್ಟೊಂದು ಬೈಯಬೇಡ ಮಾರಾಯ್ತಿ. ಅಪರಾಧ ಎನ್ನುವುದು ನಾವು ನೋಡದ ಕಡೆಯಿಂದಲೇ ಬರುತ್ತದೆ ಎಂದು ತೋರಿಸುವುದು ಅವನ ಉದ್ದೇಶ. ಮಳೆಯ ವಿಷಯ, ಮುಂದಿನ ಕಾಲದಲ್ಲಿ ಏನೇನು ಆಗುವುದೋ ಯಾರು ಬಲ್ಲರು? ಇವನಂಥವನು ಕನ್ನಡದಲ್ಲಿ ಇನ್ನೊಬ್ಬನಿಲ್ಲ.

ಒಂದನೆಯ ಪುಸ್ತಕ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಟ್ರಂಕಿನ ಮೇಲೆ ಹಾಸಿಗೆಗಳು, ಹಾಸಿಗೆಗಳ ಮೇಲೆ ತೊಟ್ಟಿಲು. ದುಂಡಪ್ಪ ಸಾಹುಕಾರರ ಅಡತಿ ಅಂಗಡಿಯಲ್ಲಿ ಶೇಂಗಾದ ಗದ್ದಲ ನಡೆದಿದೆ, ಮನೆಗೆ ಬರುವಷ್ಟರಲ್ಲಿ ಬೆನ್ನು ಬಿದ್ದುಹೋಗಿರುತ್ತದೆ. ಪುರುಸೊತ್ತಾದಾಗ ಇಳಿಸುತ್ತೇನೆ.

ಕೃಷ್ಣಾಜಿರಾಯರಿಗೆ ನಮಸ್ಕಾರ.

ನಿನ್ನ ಅಣ್ಣ
ತ್ರ್ಯಂಬಕ


ರಾಮದುರ್ಗ
೧೫ ಸೆಪ್ಟೆಂಬರ್ ೧೯೭೪

ಅಣ್ಣಾ,

ಪಂಚಮಿಗೆ ಬಂದು ಕರೆದೊಯ್ಯುತ್ತೀಯೆಂದು ಬಾಗಿಲಲ್ಲೇ ನಿಂತಿದ್ದೆ. ಸವದತ್ತಿ ಬಸ್ಸು ಬಂದು ಹೋಯಿತು. ಕಂಡಕ್ಟರ್ ಕಾಡಪ್ಪ ಇಳಿದು, "ನಿಮ್ಮಣ್ಣಾರು ಬಂದಿಲ್ರಿ ಅಕ್ಕಾರ, ಈ ಪುಸ್ತಕ ಕೊಟ್ಟಾರ" ಎಂದು ಇಪ್ಪತ್ತೇಳನೆಯದನ್ನು ಕೈಗಿಟ್ಟ. ದಾರಿಯಲ್ಲಿ ಅವನೂ ಅರ್ಧ ಓದಿದ್ದನಂತೆ. "ಚಂದ್ರನ ಮ್ಯಾಲೂ ಬಸ್ಸು ಲೇಟ್ ಬರತಾವ ನೋಡ್ರಿ" ಎಂದು ಅವನಿಗೆ ಬಹಳ ಸಮಾಧಾನ. ಬರಲಾಗದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಪುಸ್ತಕ ಬಂತಲ್ಲ, ನೀನೇ ಬಂದಂತೆ ಎಂದುಕೊಂಡೆ.

ನಿನ್ನೊಂದಿಗೆ ಮಾತ್ರ ಒಂದು ಜಗಳವಿದೆ. ಹಿಂದಿನ ಪುಸ್ತಕದ ಬಗ್ಗೆ ಒಂದೂ ಖಾಸಾ ಮಾತು ಬರೆದಿಲ್ಲ ನೀನು. ಕುರುಡು ಗಣಿತಜ್ಞ ತನ್ನ ಮಗಳನ್ನು ಹೆಜ್ಜೆಯ ಸಪ್ಪಳದಿಂದ ಗುರುತು ಹಿಡಿಯುವಾಗ ನಿನಗೆ ಏನನ್ನಿಸಿತು? ನಾನು ಆ ಪುಟವನ್ನು ಎರಡು ಸಲ ಓದಿದೆ. ಎಷ್ಟು ತಪ್ಪು ಮಾಡಿದರೂ ನಡುವೆ ಎಲ್ಲೋ ಇಂಥದೊಂದನ್ನು ಬರೆದುಬಿಡುತ್ತಾನೆ, ಬಿಡಲಿಕ್ಕೆ ಆಗುವುದಿಲ್ಲ.

ನಿಜ ಹೇಳಲೇ? ಇಪ್ಪತ್ತನೆಯದು ಓದಿದಾಗ ಇನ್ನು ಸಾಕೆಂದು ನಿರ್ಧಾರ ಮಾಡಿದ್ದೆ. ಮಾರ್ತಾಂಡನನ್ನು ಕೊಂದು, ಮುಂದಿನ ಪುಸ್ತಕದಲ್ಲಿ ಒಂದು ಮಾತೂ ಹೇಳದೆ ಎಬ್ಬಿಸಿ ಕೂರಿಸಿದ್ದನಲ್ಲ, ಆಗ. "ತಾಳ್ಮೆ ಇರಲಿ, ಇವನು ನಮ್ಮ ಕೈ ಬಿಡುವವನಲ್ಲ" ಎಂದು ಬರೆದವನು ನೀನು. ಆ ಮಾತಿನ ಮೇಲೆ ಇಷ್ಟು ದೂರ ಬಂದಿದ್ದೇನೆ. ಇವರು ಚೇಷ್ಟೆ ಮಾಡಿದಾಗಲೆಲ್ಲ, "ನಮ್ಮಣ್ಣ ಓದಾಂವ, ಅವಗ ತಿಳೀತದ" ಎಂದು ಬಾಯಿ ಮುಚ್ಚಿಸುತ್ತೇನೆ.

ಇಪ್ಪತ್ತೇಳರ ಕೊಲೆಗಾರ್ತಿ ಸೂಲಗಿತ್ತಿ. ಒಂದನೆಯ ಪುಸ್ತಕ?

ಮಥುರಾ


ಬೈಲಹೊಂಗಲ
೨೦ ಡಿಸೆಂಬರ್ ೧೯೭೪

ಚಿ. ಮಥುರಾ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹತ್ತಿ ಬರಲಿಕ್ಕೆ ಹತ್ತಿದೆ. ಮಾರ್ಕೆಟ್ಟಿನಲ್ಲಿ ಚಕ್ಕಡಿಗಳ ಸಾಲು, ಉಣ್ಣಲಿಕ್ಕೂ ಬಿಡುವಿಲ್ಲ.

ಇಪ್ಪತ್ತೇಳರ ಕೊನೆಯ ಅಧ್ಯಾಯವನ್ನು ಇದರ ಜೊತೆ ಇಟ್ಟಿದ್ದೇನೆ. ಇಪ್ಪತ್ತೆಂಟನೆಯದನ್ನು ಬೇರೆ ಟಪಾಲಿನಲ್ಲಿ ಹಾಕಿದ್ದೇನೆ. ಬಹಳ ಭಾರಿ ಆಗಿದೆ, ಓದಲು ಕೂತವನು ಏಳಲೇ ಇಲ್ಲ. ಗಣಿತಜ್ಞನ ಬಗ್ಗೆ ಕೇಳಿದ್ದೀ. ಅವನ ಪಾತ್ರ ಚೆನ್ನಾಗಿ ಮೂಡಿ ಬಂದಿದೆ.

ಒಂದನೆಯದನ್ನು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಪರಪ್ಪ ಓದಲಿಕ್ಕೆ ಒಯ್ದಿದ್ದಾನೆ. ಕೇಳಿದ್ದೇನೆ, ಕೊಡುತ್ತಾನೆ. ಅವಸರವೇನಿದೆ?

ತ್ರ್ಯಂಬಕ


ರಾಮದುರ್ಗ
೨೨ ಫೆಬ್ರುವರಿ ೧೯೭೫

ಅಣ್ಣಾ,

ಇಪ್ಪತ್ತೆಂಟಕ್ಕೆ ನನ್ನ ಊಹೆ ಬರೆದು ಹಾಕಿದ್ದೆ. ನಿನ್ನ ಲಕೋಟೆ ನಿನ್ನೆ ಬಂತು. ಒಳಗೆ ಕೊನೆಯ ಅಧ್ಯಾಯ, ಜೊತೆಗೊಂದು ಚೀಟಿ: "ಕೊನೆಯಲ್ಲಿ ನನ್ನ ಎದೆ ಝಲ್ಲೆಂದಿತು ನೋಡು."

ಆ ಅಧ್ಯಾಯದ ಹಾಳೆಗಳು ತಲೆಯ ಕಡೆ ಕೂಡಿಕೊಂಡೇ ಇವೆ. ಪ್ರೆಸ್ಸಿನಲ್ಲಿ ಮಡಚಿದ್ದು ಮಡಚಿದ ಹಾಗೇ ಇದೆ, ಯಾವ ಚಾಕುವೂ ಅವಕ್ಕೆ ಮುಟ್ಟಿಲ್ಲ. ಮೊದಲು ನಕ್ಕೆ. ಬಾವಿಯಲ್ಲಿ ಇಣುಕಿದ ಹಾಗೆ ಹಾಳೆಯೊಳಗೆ ಇಣುಕಿ ಓದಿದೆಯೇನು ಎಂದುಕೊಂಡೆ. ಆಮೇಲೆ ನಗು ನಿಂತಿತು.

ನಿನ್ನ ಹಳೆಯ ಪತ್ರಗಳನ್ನು ದಾರ ಕಟ್ಟಿ ಇಟ್ಟಿದ್ದೇನೆ. ಎಲ್ಲವನ್ನೂ ತೆಗೆದು ಮುಂದೆ ಹರಡಿಕೊಂಡು ಕೂತೆ. ಕುಕ್ಕರು ಸೀಟಿ ಹೊಡೆದದ್ದೂ ತಿಳಿಯಲಿಲ್ಲ, ಬೇಳೆ ಹೊತ್ತಿತು. "ಬಹಳ ಭಾರಿ." "ಇವನಂಥವನು ಇನ್ನೊಬ್ಬನಿಲ್ಲ." "ಓದಿದರೆ ನಿನಗೇ ಗೊತ್ತಾಗುತ್ತದೆ." "ಪಾತ್ರ ಚೆನ್ನಾಗಿ ಮೂಡಿ ಬಂದಿದೆ." ಈ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಹಚ್ಚಬಹುದು, ಪಂಚಾಂಗಕ್ಕೂ ನಡೆಯುತ್ತದೆ. ನಾನು ಕೇಳಿದ್ದಕ್ಕೆ ಒಂದಕ್ಕೂ ನೀನು ಉತ್ತರ ಕೊಟ್ಟಿಲ್ಲ. ಅರಿಸಿನದ ಕಲೆಯ ಅರ್ಥ ಈಗ ಆಯಿತು. ಅಂಚು ಬಿಡಿಸುತ್ತಿದ್ದವಳು ವೈನಿ, ತರಕಾರಿ ಹೆಚ್ಚುವ ಇಳಿಗೆಯಿಂದ. ಹೌದೋ ಅಲ್ಲವೋ?

ಮಾರ್ತಾಂಡ ಕಲಿಸಿದ ಪತ್ತೇದಾರಿಕೆಯನ್ನು ನಿನ್ನ ಮೇಲೇ ಮಾಡಬೇಕಾಯಿತಲ್ಲ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಯಾವ ಪುಸ್ತಕಕ್ಕೆ ಓದುವುದನ್ನು ಬಿಟ್ಟೆ?

ಮಥುರಾ


ಬೈಲಹೊಂಗಲ
೧೦ ಮಾರ್ಚ್ ೧೯೭೫

ಮಥುರಾ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಪತ್ರವೇ?

ಹದಿನೇಳಕ್ಕೆ ಬಿಟ್ಟೆ. ಚಂದ್ರನ ಮೇಲಿನ ದೇವಸ್ಥಾನದಲ್ಲಿ ಬಂಗಾರದ ಕಿರೀಟ ಕಳವಾಗುವ ಕಥೆ ನೋಡು, ಅದು. ನಡುವೆ ನಿದ್ದೆ ಬಂತು, ಆಮೇಲೆ ಎತ್ತಲಿಲ್ಲ. ಮೂವತ್ತರ ಹತ್ತಿರ ಬಂದವನು, ಮಗ ಹುಟ್ಟಿದ್ದ, ಸಾಹುಕಾರರ ಅಂಗಡಿ ಸೇರಿದ್ದೆ. ಚಂದ್ರನ ಮೇಲೆ ಯಾರು ಯಾರನ್ನು ಕೊಂದರೆ ನನಗೇನಾಗಬೇಕು? ನಿನಗೆ ಹೇಳಬಹುದಿತ್ತು. ಹೇಳಿದರೆ ನೀನೂ ಬಿಡುತ್ತಿದ್ದೆ, ಬಿಟ್ಟರೆ ನಿನ್ನ ಪತ್ರಗಳು ನಿಲ್ಲುತ್ತಿದ್ದವು. ನಿಮ್ಮ ಅತ್ತೆ ಎಂಥವರು ನನಗೆ ಗೊತ್ತಿಲ್ಲವೇ? ತಂಗಿಗೆ ಒಂದು ಆಸರೆ ಇರಲಿ ಎಂದು ಪ್ರತಿ ಪುಸ್ತಕವನ್ನೂ ಪರಪ್ಪನ ಅಂಗಡಿಯಲ್ಲಿ ಕಾದು ತಂದೆ. ಕೊನೆಯ ಅಧ್ಯಾಯ ಅಲ್ಲಿಯೇ ಹರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ಉಳಿದದ್ದನ್ನು ಸುಂದರಾಬಾಯಿ ಬಿಡಿಸಿಕೊಡುತ್ತಿದ್ದಳು. ಜೇಬಿನಲ್ಲಿದ್ದದ್ದನ್ನೂ ಆಮೇಲೆ ಅವಳ ಕೈಗೆ ಕೊಡುತ್ತಿದ್ದೆ, ಈ ಸಲ ಮರೆತೆ. "ನಾ ಬಿಡಿಸಿ ಕೊಡತೀನಿ, ಓದೂದರ ನೀವು ಓದಬಾರದೇನ್ರಿ" ಎಂದು ಅವಳೂ ಅನ್ನುತ್ತಿದ್ದಳು. ಇದರಲ್ಲಿ ಮೋಸವೇನು ಬಂತು? ನಿನ್ನ ಸಂತೋಷಕ್ಕೇ ಮಾಡಿದ್ದು.

ಕೇಳುವುದಕ್ಕೆ ಮೊದಲೇ ಇದನ್ನೂ ಹೇಳಿಬಿಡುತ್ತೇನೆ. ಮಗನ ತೊಟ್ಟಿಲ ಕಾರ್ಯಕ್ಕೆ ಮನೆಗೆ ಸುಣ್ಣ ಬಳಿಸಿದಾಗ ಟ್ರಂಕು ಖಾಲಿ ಮಾಡಿದೆವು. ಹಳೆಯ ಪುಸ್ತಕಗಳನ್ನು ಪರಪ್ಪ ಬಾಡಿಗೆಗೆ ಓದಿಸಲು ಒಯ್ದ. ಮಂದಿ ಓದಿ ಓದಿ ಹರಿದವು, ಆಮೇಲೆ ಶೇಂಗಾ ಕಟ್ಟಲಿಕ್ಕೆ ಹೋದವಂತೆ. ಒಂದನೆಯದೂ ಅದರಲ್ಲೇ ಇತ್ತು.

ಸಿಟ್ಟು ಬಿಡು. ಬಂದು ನಾಲ್ಕು ದಿನ ಇದ್ದು ಹೋಗು.

ತ್ರ್ಯಂಬಕ


ರಾಮದುರ್ಗ
೯ ನವೆಂಬರ್ ೧೯೭೫

ಅಣ್ಣಾ,

ಎಂಟು ತಿಂಗಳು ನಾನು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಒಂದೇ ಮಾತು ಬರುತ್ತಿತ್ತು: ನಾನು ಇಷ್ಟು ವರ್ಷ ಬರೆದದ್ದು ಯಾರಿಗೆ? ಕುರುಡು ಗಣಿತಜ್ಞ, ಮಾಲಿನಿ, ಗಾಜಿನ ಛಾವಣಿಯ ಮಳೆ, ಎಲ್ಲವನ್ನೂ ನಿನ್ನೊಡನೆ ಕೂತು ಮಾತಾಡಿದ ಹಾಗೆ ಬರೆದೆ. ನೀನು ಅಲ್ಲಿರಲೇ ಇಲ್ಲ. ನನ್ನ ಸಂತೋಷಕ್ಕೆ ಮಾಡಿದೆ ಅನ್ನುತ್ತೀ. ಅಳುವ ಕೂಸಿನ ಕೈಗೆ ಗಿಲಕಿ ಕೊಟ್ಟು ತನ್ನ ಕೆಲಸಕ್ಕೆ ಹೋಗುತ್ತಾರಲ್ಲ, ಹಾಗೆ ನನ್ನನ್ನು ಸುಮ್ಮನಿರಿಸಿದ್ದೀ. ಹದಿನೇಳನೆಯದು ಸಪ್ಪೆ ಎಂದು ಒಂದು ಸಾಲು ಬರೆದಿದ್ದರೆ ನಾನು ಜಗಳಾಡುತ್ತಿದ್ದೆ. ಜಗಳಾಡಲಿಕ್ಕೆ ಮತ್ತೆ ನಾಲ್ಕು ಪತ್ರ ಬರೆಯುತ್ತಿದ್ದೆ. ಇದೂ ತಿಳಿಯಲಿಲ್ಲವೇ ನಿನಗೆ?

ಇರಲಿ. ಈಗ ಬರೆಯುವುದಕ್ಕೆ ಬೇರೆ ಕಾರಣವಿದೆ, ನೀನಲ್ಲದೆ ಬೇರೆಯವರಿಗೆ ಬರೆಯುವ ಹಾಗಿಲ್ಲ. ಇವರು ಬೆಳಗಾವಿಗೆ ಹೋದಾಗ ಇಪ್ಪತ್ತೊಂಬತ್ತನೆಯದನ್ನೂ ಮೂವತ್ತನೆಯದನ್ನೂ ತಂದುಕೊಟ್ಟರು. ಮೂವತ್ತರ ಕೊನೆಯ ಅಧ್ಯಾಯವನ್ನು ನಾನೇ ಹರಿದು ಇವರ ಕೈಗೆ ಕೊಟ್ಟು, ನನ್ನ ಊಹೆ ಹೇಳಿ, ಆಮೇಲೆ ಇಸಿದುಕೊಂಡು ಓದಿದೆ. ಗಾಜಿನ ಬಾಗಿಲು ತೆರೆದವನು ಎಂಜಿನಿಯರ ಭಾರ್ಗವನಂತೆ.

ಭಾರ್ಗವ ಹ್ಯಾಗೆ ಸಾಧ್ಯ ಅಣ್ಣಾ? ಆ ದಿನ ಅವನು ಚಂದ್ರನ ಮೇಲೆ ಇರಲೇ ಇಲ್ಲ. ಭೂಮಿಯಲ್ಲಿ ಮಗಳ ಲಗ್ನದಲ್ಲಿದ್ದ. ಕಿತ್ತೂರಿನ ಕೋಟೆಯ ಮುರುಕು ಗೋಡೆಯ ಮೇಲೆ ಕೂತು ಆ ಪುಟವನ್ನು ನೀನೇ ಜೋರಾಗಿ ಓದಿದ್ದೆ. ಭಾರ್ಗವ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿರುವಾಗ ಗುರುಗಳು ಸತ್ತ ತಂತಿ ಬರುತ್ತದೆ, ತುಪ್ಪದ ಮಿಳ್ಳಿ ಕೈಯಿಂದ ಜಾರುತ್ತದೆ. ನೀನು ಓದುವುದನ್ನು ನಿಲ್ಲಿಸಿ, "ನೂರು ವರ್ಷ ಆದ ಮ್ಯಾಲೂ ಬ್ರಾಹ್ಮಣರು ಪಂಕ್ತಿ ಬಿಟ್ಟಿಲ್ಲ ನೋಡು ಮಥುರಾ" ಎಂದು ಗೋಡೆಯಿಂದ ಕೆಳಗೆ ಬೀಳುವ ಹಾಗೆ ನಕ್ಕಿದ್ದೆ. ಅಪ್ಪನಿಗೂ ಹೇಳಿದ್ದೆ.

ಲೇಖಕ ತನ್ನ ಮೊದಲ ಪುಸ್ತಕವನ್ನೇ ಮರೆತಿದ್ದಾನೆ. ಹದಿಮೂರು ವರ್ಷ ಕಾಯಿಸಿ, ನಿರಪರಾಧಿಯ ಮೇಲೆ ಕೊಲೆ ಹಾಕಿ ಕೈ ತೊಳೆದುಕೊಂಡ. ಇವರಿಗೆ ಹೇಳಿದರೆ, "ಪುಸ್ತಕ ಎಲ್ಲದ? ತೋರಸು" ಅನ್ನುತ್ತಾರೆ. ಪುಸ್ತಕ ಶೇಂಗಾದ ಜೊತೆ ಹೋಯಿತು. ಅದನ್ನು ಓದಿದವರಲ್ಲಿ ನನಗೆ ಗೊತ್ತಿರುವವನು ಈಗ ನೀನೊಬ್ಬನೇ. ನಾನು ಹೇಳುವುದು ಖರೆ ಎಂದು ನೀನೊಂದು ಸಾಲು ಬರೆ. ಮತ್ತೇನೂ ಬೇಡ.

ಮಥುರಾ


ಬೈಲಹೊಂಗಲ
೨ ಡಿಸೆಂಬರ್ ೧೯೭೫

ಚಿ. ಸೌ. ಮಥುರೆಗೆ,

ನೀನು ಮತ್ತೆ ಬರೆದದ್ದೇ ನನಗೆ ಹಬ್ಬ. ಸುಂದರಾಬಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಸುಳ್ಳು ಹೇಳಬಾರದು ಎಂದು ಆಣೆ ಮಾಡಿಕೊಂಡಿದ್ದೇನೆ, ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ನೆನಪಿಲ್ಲ. ಭಾರ್ಗವನೂ ನೆನಪಿಲ್ಲ, ತುಪ್ಪವೂ ನೆನಪಿಲ್ಲ. ಕೋಟೆಯ ಗೋಡೆಯ ಮೇಲೆ ಕೂಡುತ್ತಿದ್ದೆವು, ಅಲ್ಲಿ ಕೆಂಪು ಇರುವೆ ಇರುತ್ತಿದ್ದವು, ಅಷ್ಟು ನೆನಪಿದೆ. ನೀನು ಹೇಳಿದ್ದೀ ಎಂದ ಮೇಲೆ ಹಾಗೇ ಇರಬೇಕು.

ಈಗ ಒಂದು ಸಿಹಿ ಸುದ್ದಿ. ಅದೇ ಲೇಖಕ ಹೊಸ ಮಾಲಿಕೆ ಸುರು ಮಾಡಿದ್ದಾನೆ, ಮಾರ್ತಾಂಡನ ಮಗಳು ಮಂಗಳ ಗ್ರಹದಲ್ಲಿ ಪತ್ತೇದಾರಳು. ಮೊದಲ ಪುಸ್ತಕ ಬಂದಿದೆ. ಏನೂ ಹರಿಯದೆ, ಬಿಡಿಸದೆ, ಇಡಿಯಾಗಿ ನಿನಗೆ ಕಳಿಸಿದ್ದೇನೆ. ಈ ಸಲ ನೀನು ಮೊದಲು ಓದು. ಆಮೇಲೆ ನನಗೆ ಕಳಿಸು, ನಾನೂ ಓದುತ್ತೇನೆ. ಅಪ್ಪನಾಣೆಗೂ ಓದುತ್ತೇನೆ.

ತ್ರ್ಯಂಬಕ


ರಾಮದುರ್ಗ
೧೮ ಜನವರಿ ೧೯೭೬

ಅಣ್ಣಾ,

ಪುಸ್ತಕ ಬಂದಾಗ ಇದನ್ನು ಮುಟ್ಟುವುದಿಲ್ಲವೆಂದು ಹಿಂದಿನ ಕೋಣೆಯಲ್ಲಿ ಒಗೆದಿದ್ದೆ. ಮೂರನೆಯ ದಿನ ಅತ್ತೆಯವರೇ ತಂದುಕೊಟ್ಟರು. "ತೊಗೋವಾ, ನಿನ್ನ ಹಾಲಿನವನ ಮಗಳು ಬಂದಾಳ. ಮಾರಿ ಸಣ್ಣದು ಮಾಡ್ಕೊಂಡು ಎಷ್ಟ ದಿನಾ ಕೂಡತಿ?" ಎಂದರು. ಅವರ ಬಾಯಲ್ಲಿ ಇಂಥ ಮಾತು ಬಂದೀತೆಂದು ಯಾವ ಲೇಖಕನೂ ಬರೆಯಲಾರ.

ಓದಿದೆ. ಮಂಗಳ ಗ್ರಹದ ಮೇಲೂ ಮಳೆ ಬೀಳುತ್ತದೆ. ಹುಡುಗಿಯ ಕಣ್ಣು ಮೊದಲ ಪುಟದಲ್ಲಿ ಕಪ್ಪು, ಆಮೇಲೆ ನೀಲಿ. ಆದರೆ ಅವಳು ಅಪ್ಪನ ಹಳೆಯ ಟೊಪ್ಪಿಗೆಯನ್ನು ತನ್ನ ತಲೆಗೆ ಇಟ್ಟುಕೊಂಡು ನೋಡುವ ಪುಟವೊಂದಿದೆ. ಆ ಪುಟವನ್ನು ಅತ್ತೆಯವರಿಗೂ ಓದಿ ಹೇಳಿದೆ. ಇನ್ನೂ ಮೂವತ್ತು ಪುಸ್ತಕ ಬರೆದರೂ ನಾನು ಓದುವವಳೇ. ನನಗೆ ಬುದ್ಧಿ ಬರುವ ಹಾಗೆ ಕಾಣುವುದಿಲ್ಲ.

ಅಪ್ಪನ ಆಣೆ ಹಾಕಿದ್ದೀ, ಅದಕ್ಕೇ ಇನ್ನೊಮ್ಮೆ ನಂಬುತ್ತೇನೆ. ಅಪ್ಪನ ಕರಾರಿನ ಪ್ರಕಾರ ಈ ಸಲ ಮೊದಲು ಓದಿದವಳು ನಾನು. ಪುಸ್ತಕ ಕಳಿಸಿದ್ದೇನೆ, ಕೊನೆಯ ಅಧ್ಯಾಯ ನನ್ನ ಹತ್ತಿರ ಇದೆ. ಓದಿ, ಕೊಲೆಗಾರ ಯಾರೆಂದು ನಿನ್ನ ಊಹೆ ಬರೆ. ತಪ್ಪಾದರೆ ಏನೂ ಬಾಧೆಯಿಲ್ಲ, ನಾನು ನೂರು ಸಲ ತಪ್ಪಿದ್ದೇನೆ. ನೀನು ಓದಿದ್ದು ಅದರಲ್ಲಿ ಕಾಣಬೇಕು, ಅಷ್ಟೇ.

ಅಂಚು ನಾನೇ ಬಿಡಿಸಿದ್ದೇನೆ, ಅಪ್ಪನ ಬ್ಲೇಡು ಇಲ್ಲಿಲ್ಲ, ಕತ್ತರಿಯಿಂದ. ವೈನಿಗೆ ತೊಂದರೆ ಕೊಡಬೇಡ.

ನಿನ್ನ
ಮಥುರಾ


ಬೈಲಹೊಂಗಲ
೪ ಮಾರ್ಚ್ ೧೯೭೬

ಪ್ರೀತಿಯ ಮಥುರೆಗೆ ಅಣ್ಣನ ಅನೇಕ ಆಶೀರ್ವಾದ.

ಓದಿದೆ! ಅಕ್ಷರ ಅಕ್ಷರ ಓದಿದೆ. ಅಂಗಡಿಯಲ್ಲಿ ಹತ್ತಿಯ ಅಂಡಿಗೆಗಳ ನಡುವೆ ಕೂತು ಓದುವಾಗ ದುಂಡಪ್ಪ ಸಾಹುಕಾರರು, "ಏನ್ ಕುಲಕರ್ಣ್ಯಾರ, ಪರೀಕ್ಷಾಕ್ಕ ಕುಂಡ್ರಾವ್ರೇನ್ರಿ?" ಎಂದು ಚೇಷ್ಟೆ ಮಾಡಿದರು. ಹುಡುಗಿ ಅಪ್ಪನ ಟೊಪ್ಪಿಗೆ ಇಟ್ಟುಕೊಳ್ಳುವ ಪುಟ ನನಗೂ ಬಹಳ ಹಿಡಿಸಿತು. ಕಣ್ಣಿನ ಬಣ್ಣದ ತಪ್ಪನ್ನೂ ನೋಡಿದೆ. ನೀನು ಹೇಳುವುದು ಖರೆ, ತಪ್ಪುಗಳಿದ್ದರೂ ಇವನನ್ನು ಬಿಡಲಾಗುವುದಿಲ್ಲ.

ಇನ್ನು ನನ್ನ ಊಹೆ. ಬಹಳ ವಿಚಾರ ಮಾಡಿ, ಎಲ್ಲ ಸುಳಿವುಗಳನ್ನೂ ಕೂಡಿಸಿ ನೋಡಿ ಹೇಳುತ್ತಿದ್ದೇನೆ. ಕೊಲೆ ಮಾಡಿದವನು ನೌಕೆಯ ವೈದ್ಯ ಸುಧನ್ವ. ಸರಿಯೋ ಅಲ್ಲವೋ ಹೇಳು. ಸರಿಯಾಗಿದ್ದರೆ ಪಂಚಮಿಗೆ ನೀನೇ ಉಂಡಿ ಕಟ್ಟಿಕೊಂಡು ಬರಬೇಕು. ಈ ಸಲ ಕರೆಯಲಿಕ್ಕೆ ನಾನೇ ಬರುತ್ತೇನೆ.

ಎಷ್ಟು ವರ್ಷಗಳ ಮೇಲೆ ನಮ್ಮ ಕಿತ್ತೂರಿನ ದಿನಗಳು ತಿರುಗಿ ಬಂದವು ಅನ್ನಿಸುತ್ತಿದೆ. ಕೊನೆಯ ಅಧ್ಯಾಯ ಬೇಗ ಕಳಿಸು, ತಡೆಯಲಾರೆ.

ನಿನ್ನ ಅಣ್ಣ
ತ್ರ್ಯಂಬಕ


ರಾಮದುರ್ಗ
೧೧ ಮಾರ್ಚ್ ೧೯೭೬

ಅಣ್ಣಾ,

ನಿನ್ನ ಊಹೆ ಸರಿಯಾಗಿದೆ. ಕೊಲೆಗಾರ ಸುಧನ್ವ.

ಆದರೆ ಲೇಖಕನ ಹಳೆಯ ಚಾಳಿ ಹೋಗಿಲ್ಲ. ಸುಧನ್ವ ಎನ್ನುವವನು ಕೊನೆಯ ಅಧ್ಯಾಯದಲ್ಲಿ ಮೊದಲ ಸಲ ಬಾಗಿಲು ತೆರೆದು ಒಳಗೆ ಬರುತ್ತಾನೆ. ಅದಕ್ಕಿಂತ ಮೊದಲು ಅವನ ಹೆಸರೂ ಇಲ್ಲ, ನೆರಳೂ ಇಲ್ಲ. ನೌಕೆಗೆ ವೈದ್ಯನಿದ್ದಾನೆಂಬ ಮಾತೂ ಇಲ್ಲ. ನಿನಗೆ ಕಳಿಸಿದ ಪುಟಗಳನ್ನು ಅಕ್ಷರ ಅಕ್ಷರ ಓದಿದವರು ಯಾರೂ ಆ ಹೆಸರು ಬರೆಯಲಾರರು. ಆ ಹೆಸರಿರುವ ಹಾಳೆಗಳು ಎರಡೇ ಕಡೆ ಸಿಗುತ್ತವೆ, ಒಂದು ನನ್ನ ಪೆಟ್ಟಿಗೆಯಲ್ಲಿ, ಇನ್ನೊಂದು ಬಸ್ ಸ್ಟ್ಯಾಂಡಿನಲ್ಲಿ ಪರಪ್ಪ ಮಾರಲಿಟ್ಟ ಪ್ರತಿಗಳಲ್ಲಿ. ಟೊಪ್ಪಿಗೆಯನ್ನೂ ಕಣ್ಣಿನ ಬಣ್ಣವನ್ನೂ ನನ್ನ ಪತ್ರದಿಂದ ತೆಗೆದುಕೊಂಡೆ. ಹೆಸರನ್ನು ಅಲ್ಲ, ಅದೊಂದನ್ನು ಅಲ್ಲಿ ನಿಂತು ನೋಡಿಕೊಂಡು ಬಂದೆ. ಲೇಖಕನ ಈ ಚಾಳಿಯನ್ನು ಎರಡು ವರ್ಷದ ಹಿಂದೆಯೇ ನಿನಗೆ ಬರೆದು ದೂರಿದ್ದೆ. ಅದನ್ನಾದರೂ ಓದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ.

ಆ ಪುಟಗಳಲ್ಲಿ ಬರುವ ಮುದುಕನನ್ನೋ, ಅಡಿಗೆಯವಳನ್ನೋ, ಯಾರನ್ನಾದರೂ ತಪ್ಪಾಗಿ ಹೇಳಿದ್ದರೆ ನಾನು ಕುಣಿದಾಡುತ್ತಿದ್ದೆ. ಪಂಚಮಿಯ ತನಕ ಕಾಯದೆ ಉಂಡಿ ಕಟ್ಟಿ ಕಳಿಸುತ್ತಿದ್ದೆ, ಎಳ್ಳು ಕೂಡ ಹಸನು ಮಾಡಿಟ್ಟಿದ್ದೆ. ಆ ಲೇಖಕ ನನಗೆ ಎಷ್ಟೋ ಸಲ ಮೋಸ ಮಾಡಿದ್ದಾನೆ, ಆದರೂ ಪ್ರತಿ ಪುಟವನ್ನು ತಾನೇ ಕೂತು ಬರೆದಿದ್ದಾನೆ. ಅದಕ್ಕೇ ಅವನನ್ನು ಬಿಟ್ಟಿಲ್ಲ. ಮುಂದಿನ ಪುಸ್ತಕಗಳನ್ನು ಇವರು ಬೆಳಗಾವಿಯಿಂದ ತರುತ್ತಾರೆ. ನೀನು ಪರಪ್ಪನ ಅಂಗಡಿಯಲ್ಲಿ ಕಾಯುವ ಕಾರಣವಿಲ್ಲ.

ಪಂಚಮಿಗೆ ಬರುತ್ತೇನೆ, ವೈನಿಯನ್ನೂ ಮಗನನ್ನೂ ನೋಡಬೇಕು. ಆದರೆ ಪುಸ್ತಕದ ಮಾತು ತೆಗೆಯಬೇಡ.

ಕೊನೆಯ ಅಧ್ಯಾಯವನ್ನು ಇದರೊಳಗೆ ಇಟ್ಟಿದ್ದೇನೆ. ಆ ಪುಸ್ತಕದಲ್ಲಿ ನೀನು ಓದಿದ್ದು ಅದೊಂದೇ, ನಿನ್ನ ಹತ್ತಿರವೇ ಇರಲಿ.

ಮಥುರಾ